ಹತ್ತು ಜನರ ಪಂದ್ಯಾಟ

ಕಾರ್ಯದ ಯೋಗ್ಯತೆಯನ್ನು ಅದರ ಆರಂಭದ ಆಡಂಬರದಿಂದ ಅಳೆಯುವದು ಅಧಿಕಾರಸ್ಥರ ಹಳೆಯ ಚಾಳಿ. ಸ್ನೂಕರ್ ಆಟದ ಮೊದಲನೆಯ ವೃತ್ತಿನಿರತ ಪಂದ್ಯಾಟದ ವೃತ್ತಾಂತವು ಈ ಚಾಳಿಗೆ ತಕ್ಕ ಉತ್ತರವಾಗಿರುವದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಈ ಆಟದ ಜನ್ಮಭೂಮಿ ನಮ್ಮ ದೇಶವೇ. 1875ರಲ್ಲಿ ಜಬಲಪುರದ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿಯು ಇದನ್ನು ಕಲ್ಪಿಸಿದನೆಂದು ಪ್ರತೀತಿ; ಮುಂದೆ ಉದಕಮಂಡಲದ ಕ್ಲಬ್ಬಿನಲ್ಲಿ ಇದರ ನಿಯಮಗಳು ಬರೆಯಲ್ಪಟ್ಟವು. ಆದರೆ ಇಂಗ್ಲಂಡದಲ್ಲಿ ಜನರು ದುಡ್ಡು ಕೊಟ್ಟು ನೋಡುತ್ತಿದ್ದುದು ಬಿಲಿಯರ್ಡ್ಸ್ ಆಟವನ್ನು. ಸ್ನೂಕರ್ ಬಹುಕಾಲ ಅದರ ಬಾಲಂಗೋಚಿಯಾಗಿಯೇ ಉಳಿಯಿತು.

ವೃತ್ತಿಯ ಆಟಗಾರರಿಗಾಗಿ ಸ್ನೂಕರ್ ಪಂದ್ಯಾಟವನ್ನು ನಡೆಸಬೇಕೆಂದು ಟಾಮ್ ಡೆನಿಸ್ ಎಂಬವರು 1924ರಲ್ಲಿ ಬಿಲಿಯರ್ಡ್ಸ್ ಸಂಘಕ್ಕೆ ಬಿನ್ನವಿಸಿಕೊಂಡರು. ಪ್ರೇಕ್ಷಕರನ್ನು ಸೆಳೆಯುವಷ್ಟು ಜನಪ್ರಿಯತೆ ಈ ಆಟಕ್ಕೆ ಇದೆಯೇ ಎಂಬ ಸಂದೇಹವನ್ನು ಸೂಚಿಸಿ ಸಂಘವು ಕೈ ತೊಳೆದುಕೊಂಡಿತು. ಪರೀಕ್ಷೆ ನಡೆಯುವ ಮೊದಲೇ ಫಲಿತಾಂಶ ಪ್ರಕಟವಾದಂತಾಯಿತು! 1926ರಲ್ಲಿ ಜೋ ಡೇವಿಸರು ಬರ್ಮಿಂಗ್‌ಹ್ಯಾಮಿನ ಬಿಲ್ ಕ್ಯಾಮ್ಕಿನ್ನರೊಡನೆ ಕೂಡಿ ಪಂದ್ಯಾಟದ ಕರಾರುಗಳನ್ನು ತಾವೇ ಬರೆದು ಕಳುಹಿಸಿದ ಮೇಲೆ ಸಂಘವು ಒಪ್ಪಿತು.

ಸೇರಿದವರು ಹತ್ತೇ ಜನ. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದ ಮೊದಲನೆಯ ಪಂದ್ಯವೂ ಬಿಲಿಯರ್ಡ್ಸ್ ಆಟಕ್ಕೆ ಅನುಬಂಧವಾಗಿಯೇ ನಡೆಯಿತು. 1927ರ ಮೇ ತಿಂಗಳಲ್ಲಿ, ಕ್ಯಾಮ್ಕಿನ್ನರ ಹಾಲಿನಲ್ಲಿ, ಡೇವಿಸರು ಅದೇ ಡೆನಿಸರನ್ನು 20ಕ್ಕೆ 11 ಫ್ರೇಮುಗಳಿಂದ ಸೋಲಿಸಿದರು. ವಿಜೇತರ ಕೈಗೆ ಬಂದ ಹಣ ಆರು ಪೌಂಡು ಹತ್ತು ಶಿಲಿಂಗು. ಬೆಳ್ಳಿಯ ಪಾರಿತೋಷಕವನ್ನಾದರೂ ಸಂಘವು ತನ್ನ ಬೊಕ್ಕಸದಿಂದ ಕೊಡಲಿಲ್ಲ. ಆಟಗಾರರು ತೆತ್ತ ಪ್ರವೇಶಧನದ ಅರ್ಧವನ್ನೇ ಅದಕ್ಕೆ ವೆಚ್ಚ ಮಾಡಿತು.

ಮುಂದಿನ ದಾರಿಯೂ ಸುಗಮವಾಗಿರಲಿಲ್ಲ. 1931ರಲ್ಲಿ ಕಣಕ್ಕೆ ಇಳಿದವರು ಇಬ್ಬರೇ: ಡೇವಿಸ್ ಮತ್ತು ಡೆನಿಸ್. ಡೆನಿಸರು ಅಂತಿಮ ಪಂದ್ಯದಲ್ಲಿ ನಾಲ್ಕನೆಯ ಸಲ ಸೋತರು. ಡೇವಿಸರು 1946ರವರೆಗೆ ಹದಿನೈದು ಸಲ ಗೆದ್ದು, ಅಜೇಯರಾಗಿಯೇ ಈ ಸ್ಪರ್ಧೆಯಿಂದ ನಿವೃತ್ತರಾದರು. 1957ರ ನಂತರ ಕೆಲವು ವರ್ಷ ಪಂದ್ಯಾಟವು ನಿಂತೇ ಹೋಗಿತ್ತು. 1964ರಲ್ಲಿ ಮರಳಿ ಆರಂಭವಾಯಿತು. 1977ರಿಂದ ಅದು ಶೆಫೀಲ್ಡಿನ ಕ್ರೂಸಿಬಲ್ ನಾಟ್ಯಗೃಹದಲ್ಲಿ ನಡೆಯುತ್ತಿದೆ. 2025ರಲ್ಲಿ ಚೀನದ ಝಾವೊ ಶಿನ್‌ಟಾಂಗ್ ಎಂಬ ತರುಣನು ಐದು ಲಕ್ಷ ಪೌಂಡುಗಳೊಡನೆ ಎತ್ತಿ ಹಿಡಿದದ್ದು ಆ ಹತ್ತು ಜನರ ಪ್ರವೇಶಧನದ ಪಾರಿತೋಷಕವನ್ನೇ.

ಚಿಕ್ಕದಾಗಿ ಆರಂಭವಾದದ್ದೆಲ್ಲ ಫಲಿಸುವದೆಂದು ನಾವು ಹೇಳುವದಿಲ್ಲ. ಬಿತ್ತಿದ ಕಾಳೆಲ್ಲ ತೆನೆಯಾಗದು. ಆದರೆ ಬಿತ್ತದೆ ಬೆಳೆಯ ಮಾತನ್ನಾಡುವ ಅಧಿಕಾರ ಯಾರಿಗಿದೆ? ಅಲ್ಪ ವೆಚ್ಚದ ಒಂದು ಪ್ರಯೋಗದಿಂದ ತೀರುವ ಸಂದೇಹವನ್ನು ಸಂಘವು ಒಂದು ಪತ್ರದಿಂದ ತೀರಿಸಹೋಯಿತು. ಎರಡು ವರ್ಷಗಳು ವ್ಯರ್ಥವಾದವು. ನಮ್ಮ ಊರುಗಳಲ್ಲಿಯೂ ಕುಸ್ತಿಗೆ, ಚದುರಂಗಕ್ಕೆ, ಚೆಂಡಾಟಕ್ಕೆ ಒಂದು ಸಣ್ಣ ಪಂದ್ಯಾಟವನ್ನು ಬೇಡುವ ಅರ್ಜಿಗಳು ಬರುತ್ತಲೇ ಇರುತ್ತವೆ. "ಜನರಿಗೆ ಇದು ಬೇಕಾಗಿಲ್ಲ" ಎಂದು ಅವುಗಳ ಮೇಲೆ ಷರಾ ಬರೆಯುವ ಮುನ್ನ ಅಧಿಕಾರಿಗಳು ಜನರನ್ನು ಒಮ್ಮೆ ಕೇಳಲಿ. ನಾಲ್ಕು ಸಲ ಸೋತ ಡೆನಿಸರ ಹೆಸರು ಆ ಪಾರಿತೋಷಕದ ವಿಜೇತರ ಸಾಲಿನಲ್ಲಿಲ್ಲ. ಆದರೂ ಅದನ್ನು ಮೊದಲು ಬೇಡಿದವರು ಅವರೇ ಎಂಬದನ್ನು ಮರೆಯಲಾಗದು.