ಕಣ್ಣಿಗೆ ಸೂಜಿಯೋ, ಹನಿಯೋ?

ಪ್ರಶ್ನೆ: ಪೊರೆಯ ಆಪರೇಷನ್‌ಗೆ ಕೆಲವರಿಗೆ ಇಂಜೆಕ್ಷನ್ ಕೊಡುತ್ತಾರೆ, ಕೆಲವರಿಗೆ ಬರೀ ಹನಿ ಹಾಕುತ್ತಾರೆ. ಯಾವುದು ಮೇಲು?

ಉತ್ತರ: ಸಣ್ಣ ಸೀಳಿನ ಮೂಲಕ ಪೊರೆ ತೆಗೆಯುವ ಫೇಕೋ ವಿಧಾನದಲ್ಲಿ ಹೆಚ್ಚಿನವರಿಗೆ ಹನಿಯೇ ಸಾಕು ಎನ್ನುವುದು ನನ್ನ ನಿಲುವು. ಹನಿ ಹೊಸದೇನಲ್ಲ; ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆಂದು ವಿಯೆನ್ನಾದ ಕಾರ್ಲ್ ಕೋಲರ್ ತೋರಿಸಿದ್ದು 1884ರಲ್ಲಿ. ಇಂದಿನ ಔಷಧಿಗಳು ಬೇರೆ, ಸೀಳೂ ಎರಡು-ಮೂರು ಮಿಲಿಮೀಟರ್ ಮಾತ್ರ. ಸೂಜಿ ಕಣ್ಣುಗುಡ್ಡೆಯ ಪಕ್ಕಕ್ಕೋ ಹಿಂದಕ್ಕೋ ಹೋಗಬೇಕು. ಅಪರೂಪಕ್ಕೆ ರಕ್ತಸ್ರಾವವಾಗಬಹುದು, ಗುಡ್ಡೆಯೇ ತೂತಾಗಬಹುದು. ಹೆಚ್ಚು ಮೈನಸ್ ನಂಬರಿನವರ ಗುಡ್ಡೆ ಉದ್ದವಿರುವುದರಿಂದ ಅವರಿಗೆ ಅಪಾಯ ಇನ್ನಷ್ಟು. ಹನಿಯಲ್ಲಿ ನೋವು ತುಸು ಹೆಚ್ಚು, ಕಣ್ಣು ಅಲುಗಾಡುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಕಣ್ಣೊಳಗೆ ಮರಗಟ್ಟಿಸುವ ಔಷಧಿಯಾದ ಲಿಡೊಕೇನ್ ಸೇರಿಸಿದರೆ ನೋವು ತಗ್ಗುತ್ತದೆ. ವೈದ್ಯರು ಹೇಳಿದಂತೆ ದೀಪ ನೋಡುತ್ತ ಮಲಗಲಾರದವರಿಗೆ, ದೊಡ್ಡ ಸೀಳು ಬೇಕಾಗುವ ಗಟ್ಟಿ ಪೊರೆಗೆ ಇಂಜೆಕ್ಷನ್ನೇ ಸರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.