ಹಳೆ ಮನೆ ಕೊಳ್ಳುವ ಮುನ್ನ ಕರಣೆ ಹಿಡಿಯಿರಿ

ಕವಿ ನಯಸೇನನ ಊರು ಮುಳಗುಂದದ ಹಳೆಯ ಓಣಿಗಳಲ್ಲಿ ಬೀಗ ಬಿದ್ದ ಮಣ್ಣಿನ ಮಾಳಿಗೆ ಮನೆಗಳು ಕಾಣುತ್ತವೆ. ಮನೆಯವರು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ‘ನೌಕರಿ ಸಿಕ್ಕ ಮೇಲೆ ಇಂಥದ್ದೊಂದು ಕೊಂಡು, ರಿಪೇರಿ ಮಾಡಿ ಬಾಡಿಗೆಗೆ ಕೊಡೋಣ’ ಎಂಬುದು ನಮ್ಮ ಹರಟೆಯ ಕಾಯಂ ವಿಷಯ. ಆದರೆ ಲೆಕ್ಕ ತಪ್ಪುವುದು ಆ ರಿಪೇರಿಯಲ್ಲೇ. ಗೋಡೆಯ ಮರ್ಮ ಅರಿಯದವನು ಬಣ್ಣ ನೋಡಿ ದುಡ್ಡು ಕೊಡುತ್ತಾನೆ.

ಎಂಜಿನಿಯರಿಂಗ್ ತರಗತಿಯಲ್ಲಿ ಕಾಂಕ್ರೀಟ್ ಬಗ್ಗೆ ಸಾಕಷ್ಟು ಕಲಿಯುತ್ತೇವೆ. ಮಣ್ಣಿನ ಗೋಡೆಯ ಪಾಠಕ್ಕೆ ಊರಿನ ಹಿರಿಯ ಗವಂಡಿಗಳೇ ಗುರುಗಳು. ರಜೆಯಲ್ಲಿ ಅವರ ಕೈಕೆಳಗೆ ಹದಿನೈದು ದಿನ ದುಡಿದರೂ ಮೂರು ಸಂಗತಿ ತಿಳಿಯುತ್ತವೆ.

ಮೊದಲನೆಯದು ನೀರು. ಮಾಳಿಗೆಯ ನೀರು ಎಲ್ಲಿ ಇಳಿಯುತ್ತದೆ, ಗೋಡೆಯೊಳಗೆ ಹೊಕ್ಕ ಜಂತಿ, ತೊಲೆಗಳ ತುದಿ ಮೆತ್ತಗಾಗಿದೆಯೇ, ಬುಡದಲ್ಲಿ ತೇವ ಏರಿದೆಯೇ ನೋಡಬೇಕು. 2019ರ ಆಗಸ್ಟ್ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಬಿದ್ದದ್ದು ನೆನಪಿರಲಿ.

ಎರಡನೆಯದು ಬಿರುಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಜೊತೆಗೆ ತಳಪಾಯವೂ ಅಲುಗುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಅದು ಗೆರೆ ದಾಟಿದ್ದರೆ ತಳಪಾಯ ಪರೀಕ್ಷಿಸದೆ ಮುಂಗಡ ಕೊಡಬೇಡಿ.

ಮೂರನೆಯದು ಗಿಲಾವು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದು. ಕ್ರಮೇಣ ಗಿಲಾವು ಗೋಡೆ ಬಿಟ್ಟು ಉದುರುತ್ತದೆ. ಅಂಥ ಗೋಡೆಗೆ ಮಣ್ಣು ಇಲ್ಲವೇ ಸುಣ್ಣದ ಗಾರೆಯೇ ಸರಿ.

ಬಣ್ಣ, ಗಿಲಾವು, ನಲ್ಲಿ ದುರಸ್ತಿಯನ್ನು ನಾವೇ ಕಲಿಯಬಹುದು. ವೈರಿಂಗ್ ಮತ್ತು ತೊಲೆ ಬದಲಿಸುವ ಕೆಲಸ ಪಳಗಿದವರಿಗೇ ಇರಲಿ. ಆದರೆ ಕೆಲಸ ಗೊತ್ತಿದ್ದರೆ ಅವರು ಕೊಡುವ ಅಂದಾಜು ಪಟ್ಟಿ ಸರಿಯೇ ಎಂದು ಕೇಳುವ ಧೈರ್ಯ ಬರುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಗ್ರಾಮೀಣ ಯುವಜನರಿಗೆ ವೈರಿಂಗ್, ಪ್ಲಂಬಿಂಗ್‌ನಂಥ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ಕೊಡುತ್ತವೆ.

ಗೋಡೆಯಷ್ಟೇ ಕಾಗದವೂ ಗಟ್ಟಿಯಿರಬೇಕು. ಪಟ್ಟಣ ಪಂಚಾಯಿತಿಯ ಇ-ಖಾತಾ, ಉಪನೋಂದಣಿ ಕಚೇರಿಯ ಋಣಭಾರ ಪತ್ರ ನೋಡಿ. ಪಿತ್ರಾರ್ಜಿತ ಮನೆಯಾದರೆ ಪಾಲುದಾರರೆಲ್ಲರ ಸಹಿ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ. ಮದುವೆಯಾಗಿ ಹೋದ ಅಕ್ಕನ ಸಹಿ ಬಿಟ್ಟು ಕೊಂಡ ಮನೆ ಕೋರ್ಟಿನ ಮೆಟ್ಟಿಲೇರಬಹುದು.

ಬಂಡವಾಳ ಕೂಡಿಡಲು ನಮಗಿನ್ನೂ ವರ್ಷಗಳು ಬೇಕು. ಕೆಲಸ ಕಲಿಯಲು ಬರುವ ರಜೆಯೇ ಸಾಕು. ಮುಂದೆ ಮನೆ ಕೊಳ್ಳದಿದ್ದರೂ ಅಪ್ಪನ ಮನೆಯ ಸೋರಿಕೆಯನ್ನಾದರೂ ನಿಲ್ಲಿಸಬಹುದು.