ಮದುರೈಯ ಕಾಲು ಕಿಲೋ ಕಸ

ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ (ಓಟಿ) ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಒಂದರ ಮೇಲೆ ಮಲಗಿದವರ ಪೊರೆ ತೆಗೆಯುತ್ತಿರುವಾಗಲೇ ಪಕ್ಕದ ಟೇಬಲ್ಲಿನವರ ಕಣ್ಣಿನ ಸುತ್ತ ಅಯೋಡಿನ್ ಒರೆಸಿ ಸಿಸ್ಟರುಗಳು ಎಲ್ಲ ಸಿದ್ಧ ಮಾಡಿಟ್ಟಿರುತ್ತಾರೆ. ಈ ಕಣ್ಣು ಮುಗಿಯುತ್ತಿದ್ದಂತೆ ಮೈಕ್ರೋಸ್ಕೋಪು ಆ ಕಡೆಗೆ ತಿರುಗುತ್ತದೆ. ಸರ್ಜನ್ ತೊಟ್ಟ ಗೌನು ಪ್ರತಿ ರೋಗಿಗೂ ಬದಲಾಗುವುದಿಲ್ಲ. ಅದು ಒಗೆದು, ಬಿಸಿ ಹಬೆಯಲ್ಲಿ ಆಟೋಕ್ಲೇವ್ ಮಾಡಿ ಮತ್ತೆ ತೊಡುವ ಬಟ್ಟೆ. ಚಿಮಟ, ಕತ್ತರಿಗಳ ಟ್ರೇ ಅಲ್ಲೇ ಪಕ್ಕದಲ್ಲಿ ಕೆಲವೇ ನಿಮಿಷಗಳಲ್ಲಿ ಶುದ್ಧಗೊಂಡು ಮರಳಿ ಬರುತ್ತದೆ. ಕಣ್ಣಿಗೆ ಬಿಡುವ ಹನಿಯ ಬಾಟಲಿ ಒಬ್ಬರಿಗೆ ಬಿಟ್ಟ ಮೇಲೆ ಬುಟ್ಟಿ ಸೇರುವುದಿಲ್ಲ, ಖಾಲಿಯಾಗುವವರೆಗೂ ಬಳಕೆಯಾಗುತ್ತದೆ.

ಇದ್ಯಾವುದೂ ಪರಿಸರದ ಹೆಸರಿನಲ್ಲಿ ಶುರುವಾದದ್ದಲ್ಲ. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದಾಗ ಅವರ ಮುಂದಿದ್ದದ್ದು ಬಡವರ ಕುರುಡು. ದುಡ್ಡು ಕೊಡಲಾರದವರಿಗೂ ಶಸ್ತ್ರಚಿಕಿತ್ಸೆ ಮಾಡಬೇಕೆಂದರೆ ಖರ್ಚು ಇಳಿಯಬೇಕು. ಖರ್ಚು ಇಳಿಯಬೇಕೆಂದರೆ ಯಾವುದನ್ನೂ ಸುಮ್ಮನೆ ಎಸೆಯುವಂತಿಲ್ಲ. ಹೊರದೇಶದಿಂದ ತರಿಸುವ ಕಣ್ಣಿನ ಲೆನ್ಸು ದುಬಾರಿಯಾದಾಗ 1992ರಲ್ಲಿ ಅರೋಲ್ಯಾಬ್ ಕಟ್ಟಿ ತಾವೇ ತಯಾರಿಸಿಕೊಂಡರು.

ಆಮೇಲೆ ಲೆಕ್ಕ ಹಾಕುವವರು ಬಂದರು. ಅಮೆರಿಕದ ಸಂಶೋಧಕಿ ಕಸ್ಸಾಂಡ್ರಾ ಥೀಲ್ ಮತ್ತು ಸಂಗಡಿಗರು ಇಲ್ಲಿನ ಕಸ ತೂಗಿ, ಕರೆಂಟು ಅಳೆದು, ಸಾಮಾನಿನ ಖರ್ಚು ನೋಡಿ 2017ರಲ್ಲಿ ವರದಿ ಪ್ರಕಟಿಸಿದರು. ಪೊರೆ ತೆಗೆಯುವ ಒಂದು ಫೇಕೋ ಶಸ್ತ್ರಚಿಕಿತ್ಸೆಯಿಂದ ಉಳಿಯುವ ಕಸ ಸುಮಾರು 250 ಗ್ರಾಂ, ಅಂದರೆ ಕಾಲು ಕಿಲೋ. ಇಂಗಾಲದ ಹೊರೆ ಸುಮಾರು 6 ಕಿಲೋ ಡೈಆಕ್ಸೈಡ್‌ಗೆ ಸಮ. ಬ್ರಿಟನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆ ಹೊರಿಸುವುದರಲ್ಲಿ ಇದು ಇಪ್ಪತ್ತನೇ ಒಂದು ಪಾಲು. ಹಾಗಾದರೆ ಸೋಂಕು ಜಾಸ್ತಿಯಿರಬೇಕಲ್ಲ ಎನ್ನುವ ಅನುಮಾನ ಸಹಜ. ಅದೂ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನೊಳಗೆ ಸೋಂಕು ತಗಲುವವರು ಅರವಿಂದದಲ್ಲಿ ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಶ್ರೀಮಂತ ದೇಶಗಳ ಲೆಕ್ಕಕ್ಕೆ ಹೋಲಿಸಿದರೆ ಏನೂ ಕಳಪೆಯಲ್ಲ. ಕೊನೆಗೆ 2022ರಲ್ಲಿ ಅಮೆರಿಕದ ನೇತ್ರವೈದ್ಯರ ಸಂಘಗಳೇ, ಸರಿಯಾದ ಎಚ್ಚರ ವಹಿಸಿದರೆ ಒಂದೇ ಬಾಟಲಿಯ ಹನಿಯನ್ನು ಹಲವರಿಗೆ ಬಳಸಬಹುದು ಎಂದು ಒಟ್ಟಾಗಿ ಹೇಳಿದವು.

ಆಸ್ಪತ್ರೆ ಹಸಿರಾಗಬೇಕು ಎಂದಾಗ ನಮ್ಮ ಕಣ್ಣು ಹೋಗುವುದು ಎಲ್‌ಇಡಿ ಬಲ್ಬು, ಕಾಗದರಹಿತ ಬಿಲ್ಲು, ಲಾಬಿಯ ಕುಂಡಗಳ ಕಡೆಗೆ. ಅವು ಇರಲಿ. 2019ರಲ್ಲಿ ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆ ಹಾಕಿದ ಲೆಕ್ಕದ ಪ್ರಕಾರ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಆರೋಗ್ಯ ಕ್ಷೇತ್ರದ ಪಾಲು ಶೇ 4.4. ಅದರಲ್ಲಿ ಶೇ 71ರಷ್ಟು ಬರುವುದು ಆಸ್ಪತ್ರೆ ಕೊಳ್ಳುವ ಔಷಧಿ, ಉಪಕರಣ, ಪ್ಲಾಸ್ಟಿಕ್ ಸಾಮಾನುಗಳನ್ನು ತಯಾರಿಸಿ ಸಾಗಿಸುವ ಸರಪಳಿಯಿಂದ. ಎಂದಮೇಲೆ ನೋಡಬೇಕಾದದ್ದು ಕಟ್ಟಡವನ್ನಷ್ಟೇ ಅಲ್ಲ, ವೈದ್ಯರ ಕೈಯನ್ನು. ಆ ಕೈ ಏನು ಬರೆಯುತ್ತದೆ, ಏನು ಬಿಚ್ಚುತ್ತದೆ, ಏನು ಎಸೆಯುತ್ತದೆ? ಈ ವಿಚಾರದಲ್ಲಿ ನಮ್ಮ ಹಳೆಯ ಮಿತವ್ಯಯದ ವೈದ್ಯ ಪದ್ಧತಿಗೆ ಹೇಳಿಕೊಡುವ ಯೋಗ್ಯತೆ ಇತ್ತು. ಅದನ್ನು ಹಿಂದುಳಿದದ್ದೆಂದು ಭಾವಿಸಿ ನಾವೇ ಕಳಚಿಹಾಕುತ್ತಿರುವುದು ನನ್ನನ್ನು ಕಾಡುವ ಸಂಗತಿ.

ಕಣ್ಣಿಗೆ ಕಾಣುವ ಕಸದ ಮಾತು ಹೀಗಾದರೆ, ಕಾಣದ ಕಸವೊಂದು ಓಟಿಯ ಕೊಳವೆಯಿಂದ ನೇರ ಆಕಾಶಕ್ಕೆ ಹೋಗುತ್ತದೆ. ಅರಿವಳಿಕೆಗೆ ಕೊಡುವ ಡೆಸ್‌ಫ್ಲುರೇನ್ ಅನಿಲವನ್ನು ನಮ್ಮ ದೇಹ ಅರಗಿಸಿಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ರೋಗಿ ಉಸಿರಾಡಿದ್ದು ಹೆಚ್ಚುಕಡಿಮೆ ಹಾಗೇ ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು. ಅದೇ ಕೆಲಸಕ್ಕೆ ಬರುವ ಸೆವೊಫ್ಲುರೇನ್ ಇದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಹಾನಿಯದು. 2023ರಲ್ಲಿ ಸ್ಕಾಟ್ಲೆಂಡ್ ಡೆಸ್‌ಫ್ಲುರೇನ್ ಬಳಕೆಯನ್ನು ನಿಲ್ಲಿಸಿತು. 2026ರ ಜನವರಿಯಿಂದ ಯುರೋಪ್ ಒಕ್ಕೂಟದಲ್ಲೂ, ವೈದ್ಯಕೀಯವಾಗಿ ಬೇರೆ ದಾರಿಯೇ ಇಲ್ಲದ ಸಂದರ್ಭ ಬಿಟ್ಟು, ಅದಕ್ಕೆ ನಿಷೇಧ.

ಅರಿವಳಿಕೆಗೆ ಬಳಸುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡ್‌ನ ಕಥೆ ಇನ್ನೂ ಬೇಸರ ತರುವಂಥದ್ದು. ವಾತಾವರಣದಲ್ಲಿ ಅದು ನೂರು ವರ್ಷಕ್ಕೂ ಮೀರಿ ಉಳಿಯುತ್ತದೆ, ಓಜೋನ್ ಪದರಕ್ಕೂ ಕೆಡುಕು. ದೊಡ್ಡ ಆಸ್ಪತ್ರೆಗಳಲ್ಲಿ ಸಿಲಿಂಡರುಗಳ ಸಾಲಿನಿಂದ ಗೋಡೆಯೊಳಗಿನ ಪೈಪುಗಳ ಮೂಲಕ ಅದು ಓಟಿಗೆ ಬರುತ್ತದೆ. ಎಡಿನ್‌ಬರೊ ಸುತ್ತಲಿನ ಆಸ್ಪತ್ರೆಗಳಲ್ಲಿ ಕೊಂಡ ಅನಿಲವೆಷ್ಟು, ರೋಗಿಗೆ ಕೊಟ್ಟದ್ದೆಷ್ಟು ಎಂದು ಹೋಲಿಸಿದಾಗ ಬಹುಪಾಲು ಪೈಪಿನಲ್ಲೇ ಸೋರಿಹೋಗುತ್ತಿರುವುದು ಬಯಲಾಯಿತು. ಯಾವ ರೋಗಿಯ ನೋವನ್ನೂ ಅದು ಇಳಿಸಿರಲಿಲ್ಲ. ಪರಿಹಾರ ಸರಳ: ಪೈಪಿನ ವ್ಯವಸ್ಥೆ ಮುಚ್ಚಿ, ಬೇಕಾದ ಕಡೆ ಮಾತ್ರ ಯಂತ್ರಕ್ಕೇ ಚಿಕ್ಕ ಸಿಲಿಂಡರ್ ಜೋಡಿಸುವುದು. ನಮ್ಮ ಚಿಕ್ಕ ನರ್ಸಿಂಗ್ ಹೋಮುಗಳ ಬಾಯ್ಲ್ಸ್ ಅರಿವಳಿಕೆ ಮಷೀನುಗಳಿಗೆ ಸಿಲಿಂಡರ್ ತಗುಲಿಸುತ್ತಿದ್ದದ್ದು ಹೀಗೆಯೇ. ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆ ಸಾಕಾಗುವ ಕಡೆ ಅನಿಲವೇ ಬೇಡ. ಬೇಕಾದ ಕಡೆ ಹರಿವನ್ನು ನಿಮಿಷಕ್ಕೆ ಒಂದು ಲೀಟರಿಗಿಂತ ಕೆಳಗಿಳಿಸಿದರೆ ಅನಿಲವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಓಟಿಯೇ ಇಲ್ಲದ ಊರಿನ ಕ್ಲಿನಿಕ್ಕಿಗೆ ಬರೋಣ. "ತುಂಬಾ ಸುಸ್ತು ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ" ಎನ್ನುವ ಮಾತು ಕೇಳದ ಕ್ಲಿನಿಕ್ಕು ನಮ್ಮಲ್ಲಿ ಇದೆಯೇ? ಬಾಯಲ್ಲಿ ಕುಡಿಯಬಲ್ಲವರಿಗೆ ಡ್ರಿಪ್ ಹಾಕಿದರೆ ಒಂದು ಬಾಟಲಿ, ಒಂದೂವರೆ ಮೀಟರಿನಷ್ಟು ಪ್ಲಾಸ್ಟಿಕ್ ನಳಿಕೆ, ಕ್ಯಾನುಲಾ, ಪ್ಲಾಸ್ಟರ್, ಹತ್ತಿ, ಒಂದು ಜೊತೆ ಗ್ಲೌಸು ಎಲ್ಲ ಕಸವಾಗುತ್ತವೆ. ರೋಗಿಯ ದಿನದ ಕೂಲಿಯೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿದರು. ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗಿಳಿಯಿತು. ಅದೇ ಬಗೆಯ ಓಆರ್‌ಎಸ್ ಪೊಟ್ಟಣಕ್ಕಿಂತ ಹಸಿರಾದ ಚಿಕಿತ್ಸೆ ನನಗೆ ಗೊತ್ತಿಲ್ಲ. ಅದನ್ನು ಬರೆದುಕೊಟ್ಟು, ಇದೇ ಸಾಕು ಅಜ್ಜಿ ಎಂದು ಐದು ನಿಮಿಷ ಕೂತು ಒಪ್ಪಿಸುವುದು ಡ್ರಿಪ್ ಹಾಕುವುದಕ್ಕಿಂತ ಕಷ್ಟದ ಕೆಲಸ. ಆ ಐದು ನಿಮಿಷಕ್ಕೆ ಬಿಲ್ಲು ಹಾಕಲು ಬರುವುದಿಲ್ಲ ಎನ್ನುವುದೇ ನಿಜವಾದ ತೊಡಕು.

ಗ್ಲೌಸಿನದೂ ಅಂಥದೇ ಮಾತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ದಾದಿಯರು, ರಕ್ತ ಅಥವಾ ದೇಹದ ದ್ರವ ಮುಟ್ಟದ ಕೆಲಸಗಳಿಗೆ ಗ್ಲೌಸು ಬೇಡ, ಕೈ ತೊಳೆಯಿರಿ ಎಂದು 2018ರಲ್ಲಿ ಅಭಿಯಾನ ನಡೆಸಿದರು. ಒಂದೇ ವರ್ಷದಲ್ಲಿ 21 ಟನ್ ಪ್ಲಾಸ್ಟಿಕ್ ಉಳಿಯಿತು.

ಇನ್ನು ಬಣ್ಣದ ಚೀಲಗಳು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ, ನಳಿಕೆ, ಗ್ಲೌಸು, ಸೂಜಿ ತೆಗೆದ ಸಿರಿಂಜು ಕೆಂಪಿಗೆ, ಸೂಜಿ, ಬ್ಲೇಡು ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಕೆಂಪು ಚೀಲದ್ದು ಆಟೋಕ್ಲೇವ್ ಆಗಿ, ಚೂರಾಗಿ, ಮರುಬಳಕೆಗೆ ಹೋಗುತ್ತದೆ. ಹಳದಿ ಚೀಲದ್ದು ಸಾಮಾನ್ಯವಾಗಿ ಕುಲುಮೆಗೆ. ಸಂಜೆಯ ಗಡಿಬಿಡಿಯಲ್ಲಿ ಡ್ರಿಪ್ ಸೆಟ್ಟನ್ನು ಹಳದಿಗೆ ತುರುಕಿದರೆ, ಅದರ ಪಿವಿಸಿ ಪ್ಲಾಸ್ಟಿಕ್ ಉರಿದು ಡಯಾಕ್ಸಿನ್ ವಿಷ ಹುಟ್ಟುವ ಅಪಾಯ. ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ 85 ಅಪಾಯವಿಲ್ಲದ ಸಾಮಾನ್ಯ ಕಸ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆರೆಸಿದರೆ ಅದೂ ಕೆಡುತ್ತದೆ. ಇದನ್ನು ದಿನಾ ವಿಂಗಡಿಸುವವರು ಆಯಾಗಳು. ಅವರಿಗೆ ಕಾರಣ ಬಿಡಿಸಿ ಹೇಳದೆ ಗೋಡೆಗೆ ಚಾರ್ಟು ಅಂಟಿಸಿ ಸುಮ್ಮನಾಗುವುದು ಅನ್ಯಾಯ.

ಆಸ್ತಮಾದ ಇನ್ಹೇಲರಿನಲ್ಲೂ ಆಯ್ಕೆಯಿದೆ. ಒತ್ತಿದರೆ ಚಿಮ್ಮುವ ಪಂಪಿನಲ್ಲಿರುವ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹೆಚ್ಚಿಸುವಂಥದ್ದು. ಕ್ಯಾಪ್ಸೂಲಿನ ಪುಡಿಯನ್ನು ಎಳೆದುಕೊಳ್ಳುವ ಇನ್ಹೇಲರಿಗೆ ಆ ಅನಿಲವೇ ಬೇಡ, ನಮ್ಮ ಮೆಡಿಕಲ್ ಶಾಪುಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ ಕೂಡ. ಆದರೆ ಪುಟ್ಟ ಮಕ್ಕಳು, ಉಸಿರು ಜೋರಾಗಿ ಎಳೆಯಲಾರದ ವೃದ್ಧರಿಗೆ ಸ್ಪೇಸರ್ ಜೊತೆಗಿನ ಪಂಪೇ ಬೇಕು. ಅಲ್ಲಿ ಪರಿಸರದ ಮಾತು ತೆಗೆಯಲೇಬಾರದು.

ಕರ್ನಾಟಕದಲ್ಲಿ ಒಂದು ಒಳ್ಳೆಯ ಕೆಲಸ ಆಗಲೇ ನಡೆದಿದೆ. ಸೆಲ್ಕೋ ಪ್ರತಿಷ್ಠಾನ ಆರೋಗ್ಯ ಇಲಾಖೆಯ ಜೊತೆಗೂಡಿ ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಕೊಟ್ಟಿದೆ. ಕರೆಂಟು ಹೋದರೂ ಲಸಿಕೆಯ ಫ್ರಿಜ್ಜು ಓಡುತ್ತದೆ. ಮುಂದಿನ ಹೆಜ್ಜೆ ಖರೀದಿಯದು. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ, ಸಾಮಾನು ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಅದರ ಟೆಂಡರಿನಲ್ಲಿ ಒಗೆದು ಬಳಸುವ ಗೌನು, ಪಿವಿಸಿ ಇಲ್ಲದ ನಳಿಕೆ, ಪುಡಿ ಇನ್ಹೇಲರು ಸೇರಬೇಕು. ಹೊಸ ಓಟಿಗಳ ನಕ್ಷೆಯಿಂದ ನೈಟ್ರಸ್ ಪೈಪಿನ ಸಾಲು ಬಿಟ್ಟುಹೋಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಇಲಾಖೆಯ ಒಂದು ಆದೇಶ ಸಾಕು.